ಕೀಲಿ ಮೂರು ಕೆಲಸ ಮಾಡುತ್ತದೆ, ಬಟನ್ ಒಂದೇ ಮಾಡುತ್ತದೆ

ನಿಮ್ಮದು ಶಿರಸಿ, 2013ರ ಸ್ವಿಫ್ಟ್, ಕೈಯಲ್ಲಿ ಗೇರ್ ಹಾಕುವಂಥದ್ದು. ಅಂತರಜಾಲದಲ್ಲಿ ನೋಡಿದ ಕಿಟ್ ಹಾಕಿಸಿ, ಕೀಲಿಯ ಗೊಡವೆಯೇ ಇಲ್ಲದೆ ಬಟನ್ ಒತ್ತಿ ಗಾಡಿ ಶುರು ಮಾಡಬಹುದೇ, ಊರಿನ ಎಲೆಕ್ಟ್ರಿಷಿಯನ್ ಅರ್ಧ ದಿನದ ಕೆಲಸ ಎನ್ನುತ್ತಾರೆ, ನಂಬಬಹುದೇ ಎಂದು ಕೇಳಿದ್ದೀರಿ. ಅರ್ಧ ದಿನ ಎಂಬುದು ನಿಜ. ಕಾರವಾರದಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರಿಗೆ ಬೆಳಿಗ್ಗೆ ಹತ್ತಕ್ಕೆ ಕೈ ಹಚ್ಚಿದವರು ಊಟದ ಹೊತ್ತಿಗೆ ಮುಗಿಸಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮುಕ್ಕಾಲು ಪಾಲನ್ನು ನಾನೇ ಬಿಚ್ಚಿಸಿದೆ.

ಬಟನ್ ಒತ್ತಿ ಎಂಜಿನ್ ತಿರುಗಿಸುವುದು ದೊಡ್ಡ ವಿದ್ಯೆಯಲ್ಲ. ಹಿಂದಿನ ವಿಲ್ಲಿಸ್ ಜೀಪಿನಲ್ಲಿ ಸ್ಟಾರ್ಟರ್ ಗುಂಡಿ ಕಾಲಡಿಯಲ್ಲೇ ಇರುತ್ತಿತ್ತು, ಪಾದದಿಂದ ಒತ್ತಬೇಕಿತ್ತು. ಈಗ ತೊಡಕಾಗಿರುವುದು ಕೀಲಿ. ನಿಮ್ಮ ಸ್ವಿಫ್ಟ್‌ನ ಕೀಲಿ ಮೂರು ಕೆಲಸ ಮಾಡುತ್ತದೆ. ವಿದ್ಯುತ್ತಿನ ಸ್ವಿಚ್ಚನ್ನು ತಿರುಗಿಸುತ್ತದೆ. ಸ್ಟೇರಿಂಗ್ ಕಂಬದೊಳಗಿನ ಉಕ್ಕಿನ ಗೂಟವನ್ನು ಹಿಂದಕ್ಕೆ ಸರಿಸಿ ಬೀಗ ಬಿಡಿಸುತ್ತದೆ. ಜೊತೆಗೆ, ಅದರ ತಲೆಯೊಳಗಿರುವ ಸಣ್ಣ ಚಿಪ್ ಎಂಜಿನ್ ಕಂಪ್ಯೂಟರಿಗೆ ತನ್ನ ಗುರುತು ಹೇಳುತ್ತದೆ. ಮಾರುತಿಯವರು ಇದನ್ನು ಐಕ್ಯಾಟ್ಸ್ ಎನ್ನುತ್ತಾರೆ. ಗುರುತು ಸಿಗದಿದ್ದರೆ ಎಂಜಿನ್ ಹಿಡಿಯುವುದಿಲ್ಲ. ನೀವು ನೋಡಿದ ಕಿಟ್ ಮಾಡುವುದು ಮೊದಲನೆಯ ಕೆಲಸ ಮಾತ್ರ. ಉಳಿದೆರಡಕ್ಕೆ ಅದರಲ್ಲಿ ಉತ್ತರವಿಲ್ಲ. ಆದ್ದರಿಂದ ಹಾಕುವವರು ಅವೆರಡನ್ನೂ ಮೋಸಗೊಳಿಸುತ್ತಾರೆ.

ಮೋಸ ಹೇಗೆಂದರೆ, ನಿಮ್ಮ ಎರಡನೆಯ ಕೀಲಿಯ ಚಿಪ್ಪನ್ನು ತೆಗೆದು, ಕೀಲಿ ತೂರಿಸುವ ಜಾಗದ ಸುತ್ತಲಿರುವ ಆಂಟೆನಾ ಬಳೆಯ ಪಕ್ಕದಲ್ಲೇ ಶಾಶ್ವತವಾಗಿ ಅಂಟಿಸಿಬಿಡುತ್ತಾರೆ. ಅಂದಿನಿಂದ ಎಂಜಿನ್ ಕಂಪ್ಯೂಟರಿಗೆ ಯಜಮಾನ ಯಾವಾಗಲೂ ಗಾಡಿಯಲ್ಲೇ ಕುಳಿತಿದ್ದಾನೆ. ಕಂಪನಿ ಕೊಟ್ಟ ಕಳ್ಳರ ಕಾವಲು ಅಲ್ಲಿಗೆ ಮುಗಿಯಿತು. ಇದಕ್ಕಿಂತ ಸಭ್ಯ ದಾರಿಯೂ ಇದೆ: ಬೈಪಾಸ್ ಪೆಟ್ಟಿಗೆ. ಚಿಪ್ ಅದರೊಳಗೆ ಕುಳಿತಿರುತ್ತದೆ. ನಿಮ್ಮ ಜೇಬಿನಲ್ಲಿರುವ ಕಿಟ್ಟಿನ ರಿಮೋಟನ್ನು ಕಿಟ್ ಗುರುತಿಸಿದಾಗ ಮಾತ್ರ ಒಳಗಿನ ರಿಲೇ, ಅಂದರೆ ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್, ಚಿಪ್ಪಿಗೂ ಬಳೆಗೂ ಸಂಪರ್ಕ ಕೊಡುತ್ತದೆ. ಖರ್ಚು ಸ್ವಲ್ಪ ಹೆಚ್ಚು. ಹಾಕಿಸುವುದೇ ಆದರೆ ಇದನ್ನೇ ಕೇಳಿ.

ಸ್ಟೇರಿಂಗ್ ಬೀಗದ ವಿಷಯ ಇನ್ನೂ ಗಂಭೀರ. ಕೆಲವರು ಗೂಟವನ್ನೇ ಕಿತ್ತು ಹಾಕುತ್ತಾರೆ, ಕೆಲವರು ಕೀಲಿಯ ಅಲಗನ್ನು ಕತ್ತರಿಸಿ ಬೀಗದೊಳಗೆ ಖಾಯಂ ಆಗಿ ಬಿಡುತ್ತಾರೆ. ಎರಡರಲ್ಲೂ ಬೀಗ ಇಲ್ಲದಂತೆಯೇ. ಆದರೆ ಮೂರನೆಯ ಜಾತಿಯವರು ವೈರು ಮಾತ್ರ ಜೋಡಿಸಿ, ಗೂಟವನ್ನು ಇದ್ದಂತೆಯೇ ಬಿಟ್ಟುಬಿಡುತ್ತಾರೆ. ಕೀಲಿ ತೆಗೆದಾಗ ಆ ಗೂಟ ಸ್ಪ್ರಿಂಗಿನ ಒತ್ತಡದಲ್ಲಿ ಮುಂದಕ್ಕೆ ಬಂದು, ಕಂಬದಲ್ಲಿ ಕೊರೆದ ತೋಡು ಎದುರಿಗೆ ಸಿಗುವ ತನಕ ಕಾಯುತ್ತಿರುತ್ತದೆ. ನೀವು ಚಕ್ರ ನೇರವಾಗಿಟ್ಟು ನಿಲ್ಲಿಸಿದ್ದೀರಿ, ಗೂಟ ಇನ್ನೂ ಸಿಕ್ಕಿಕೊಂಡಿಲ್ಲ ಎಂದಿಟ್ಟುಕೊಳ್ಳಿ. ಬಟನ್ ಒತ್ತುತ್ತೀರಿ, ಎಂಜಿನ್ ಹಿಡಿಯುತ್ತದೆ, ಗಾಡಿ ಹೊರಡುತ್ತದೆ. ಮೊದಲ ತಿರುವಿನಲ್ಲಿ ಸ್ಟೇರಿಂಗ್ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ನಿಮ್ಮ ಕುಮಟಾ ದಾರಿಯ ದೇವಿಮನೆ ಘಟ್ಟವನ್ನು ನೆನೆಸಿಕೊಂಡರೆ ಮುಂದಿನದನ್ನು ನಾನು ಬರೆಯಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಕೀಲಿ ಹೊರಗಿಟ್ಟು, ಸ್ಟೇರಿಂಗ್ ಚಕ್ರವನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ. ಎಲ್ಲಾದರೂ ಕಚ್ಚಿದರೆ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ.

ನನ್ನನ್ನು ಹೆದರಿಸಿದ್ದು ಮಾತ್ರ ಬೇರೆ ಸಂಗತಿ. ಅಗ್ಗದ ಕಿಟ್ಟುಗಳಿಗೆ ಶುರು ಮಾಡುವ ಸೂತ್ರವೂ ನಿಲ್ಲಿಸುವ ಸೂತ್ರವೂ ಒಂದೇ: ಬ್ರೇಕಿನ ಮೇಲೆ ಕಾಲು, ಬಟನ್ ಮೇಲೆ ಬೆರಳು. ಕಾರ್ಖಾನೆಯಿಂದಲೇ ಬಟನ್ ಹೊತ್ತು ಬರುವ ಕಾರುಗಳು ಚಲಿಸುತ್ತಿರುವಾಗ ಒಮ್ಮೆ ತಾಗಿದರೆ ನಿಲ್ಲುವುದಿಲ್ಲ. ಕೆಲವು ಸೆಕೆಂಡು ಅದುಮಿ ಹಿಡಿಯಬೇಕು ಅಥವಾ ಬೆನ್ನುಬೆನ್ನಿಗೆ ಹಲವು ಸಲ ಒತ್ತಬೇಕು. ಹುಬ್ಬಳ್ಳಿಯಿಂದ ಬರುತ್ತ ಅರಬೈಲ್ ಘಟ್ಟ ಇಳಿಯುತ್ತಿದ್ದೆವು. ಘಟ್ಟ ಇಳಿಯುವಾಗ ಕಾಲು ಬ್ರೇಕ್ ಬಿಟ್ಟು ಎಲ್ಲಿ ಹೋದೀತು? ಪಕ್ಕದ ಸೀಟಿನಲ್ಲಿದ್ದ ಅಕ್ಕನ ಮಗ ನೀಲಿಯಾಗಿ ಮಿನುಗುತ್ತಿದ್ದ ಬಟನ್ನನ್ನು ಒತ್ತಿಯೇ ಬಿಟ್ಟ. ಎಂಜಿನ್ ಸದ್ದು ನಿಂತಿತು, ಸ್ಟೇರಿಂಗ್ ಕಲ್ಲಾಯಿತು. ಬ್ರೇಕಿಗೆ ಬಲ ಕೊಡುವ ನಿರ್ವಾತ ಎಂಜಿನ್ ನಿಂತ ಮೇಲೆ ಒಂದೆರಡು ತುಳಿತಕ್ಕೆ ಸಾಕಾಗುತ್ತದೆ, ಅಷ್ಟೇ. ಪುಣ್ಯಕ್ಕೆ ಗಾಡಿ ಮೂರನೆಯ ಗೇರಿನಲ್ಲಿತ್ತು, ವೇಗ ಕಡಿಮೆಯಿತ್ತು, ಮಣ್ಣಿನ ಅಂಚು ಸಿಕ್ಕಿತು. ಹುಡುಗನಿಗೆ ಬೈಯಲು ಬಾಯಿ ಬರಲಿಲ್ಲ. ಹೊಳೆಯುವ ಬಟನ್ ಇಟ್ಟವನು ನಾನೇ ಅಲ್ಲವೇ?

ಕೈಗೇರಿನ ಗಾಡಿಗೆ ಇನ್ನೊಂದು ಮಾತು. ಕಾಲು ಪೆಡಲಿನ ಮೇಲಿದೆ ಎಂದು ಕಿಟ್ಟಿಗೆ ತಿಳಿಸುವ ವೈರನ್ನು ಬ್ರೇಕಿಗೆ ಜೋಡಿಸುವುದು ವಾಡಿಕೆ. ಅದು ಆಟೊಮ್ಯಾಟಿಕ್ ಗಾಡಿಯ ಲೆಕ್ಕ. ನಮ್ಮ ಇಳಿಜಾರು ಅಂಗಳಗಳಲ್ಲಿ ಗಾಡಿಯನ್ನು ಗೇರಿನಲ್ಲೇ ನಿಲ್ಲಿಸುತ್ತೇವೆ. ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನಾಲ್ಕು ದಿನ ಬಿಟ್ಟರೆ ಹಿಂದಿನ ಚಕ್ರ ಕಚ್ಚಿಕೊಂಡು ಕೂರುತ್ತದೆ, ಅದಕ್ಕೆ. ಹಾಗೆ ಮೊದಲನೆಯ ಗೇರಿನಲ್ಲಿರುವ ಗಾಡಿ ಬ್ರೇಕ್ ತುಳಿದು ಬಟನ್ ಒತ್ತಿದಾಗ ಮುಂದಕ್ಕೆ ಮುಗ್ಗರಿಸುತ್ತದೆ. ವೈರನ್ನು ಕ್ಲಚ್ ಪೆಡಲಿನ ಸ್ವಿಚ್ಚಿಗೆ ಜೋಡಿಸಲು ಹೇಳಿ, ಸ್ವಿಚ್ ಇಲ್ಲದಿದ್ದರೆ ಒಂದನ್ನು ಹಾಕಿಸಿ. ಮನೆಯೊಳಗಿನಿಂದ ರಿಮೋಟ್ ಒತ್ತಿ ಎಂಜಿನ್ ಶುರು ಮಾಡುವ ಸೌಲಭ್ಯವಿದ್ದರೆ ಆ ಸೌಲಭ್ಯದ ವೈರನ್ನು ಕತ್ತರಿಸಿಬಿಡಿ. ಗೇರಿನಲ್ಲಿರುವ ಗಾಡಿ ಯಾರೂ ಇಲ್ಲದೆ ಅಂಗಳ ದಾಟಿ ತೋಟಕ್ಕೆ ಇಳಿಯುವುದನ್ನು ನೋಡುವ ಆಸೆ ನಿಮಗಿಲ್ಲ ಎಂದುಕೊಂಡಿದ್ದೇನೆ.

ಇನ್ನು ಮಳೆ ಮತ್ತು ಉಪ್ಪುಗಾಳಿ. ನನಗೆ ಹಾಕಿಕೊಟ್ಟವರು ವೈರುಗಳನ್ನು ಬೆಸುಗೆ ಹಾಕದೆ, ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಕಚ್ಚಿಸಿ ಟೇಪ್ ಸುತ್ತಿದ್ದರು. ಕೋಡಿಬಾಗದಲ್ಲಿ ನಮ್ಮ ಮನೆಗೆ ಸಮುದ್ರದ ಗಾಳಿ ನೇರವಾಗಿ ಬಡಿಯುತ್ತದೆ. ಜುಲೈ ಹೊತ್ತಿಗೆ ತಾಮ್ರ ಹಸಿರುಗಟ್ಟಿ, ಬಟನ್ ದೀಪ ಉರಿಯುತ್ತದೆ, ಎಂಜಿನ್ ತಿರುಗುವುದಿಲ್ಲ ಎಂಬ ಸ್ಥಿತಿಗೆ ಬಂತು. ಇಗ್ನಿಷನ್ನಿನ ದಪ್ಪ ವೈರುಗಳಲ್ಲಿ ಹತ್ತಾರು ಆಂಪಿಯರ್ ಹರಿಯುತ್ತದೆ. ಸಡಿಲ ಜೋಡಣೆ ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ಇಲಿಗಳಿವೆ. ಮೂಲ ಸ್ವಿಚ್ಚಿನ ಪ್ಲಗ್ಗಿಗೇ ಸೇರಿಕೊಳ್ಳುವ ಕಪ್ಲರ್ ಇರುವ ಕಿಟ್ ಸಿಕ್ಕರೆ ವೈರು ಕತ್ತರಿಸುವ ಪ್ರಸಂಗವೇ ಬರುವುದಿಲ್ಲ. ಕತ್ತರಿಸಲೇಬೇಕಾದರೆ ಬೆಸುಗೆ, ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ, ಪ್ರತಿ ದಪ್ಪ ವೈರಿಗೂ ಫ್ಯೂಸ್. ಕೈ ಹಾಕುವ ಮೊದಲು ಬ್ಯಾಟರಿಯ ಋಣ ತುದಿ ಬಿಚ್ಚಿ ಕೆಲವು ನಿಮಿಷ ಕಾಯಬೇಕು. ಸ್ಟೇರಿಂಗಿನ ಬಳಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಟೆಸ್ಟ್ ಲ್ಯಾಂಪ್ ಚುಚ್ಚುವ ಜಾಗವಲ್ಲ.

ಜೇಬಿನ ರಿಮೋಟನ್ನು ಹುಡುಕಲು ಕಾರಿನ ಘಟಕ ಹಗಲು ರಾತ್ರಿ ಎಚ್ಚರವಾಗಿರುತ್ತದೆ. ನನ್ನ ಮಲ್ಟಿಮೀಟರ್ ತೋರಿಸಿದ್ದು, ಗಾಡಿಯ ಸ್ವಂತ ಬಳಕೆಯೂ ಸೇರಿ, 40 ಮಿಲಿಆಂಪಿಯರ್. ದಿನಕ್ಕೆ ಸುಮಾರು ಒಂದು ಆಂಪಿಯರ್-ಗಂಟೆ. 35 ಆಂಪಿಯರ್-ಗಂಟೆಯ ಹಳೆಯ ಬ್ಯಾಟರಿ ಮೂರು ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಬರಿದಾಯಿತು. ಊರಿನಿಂದ ಮರಳಿ ಬಂದಾಗ ಬಾಗಿಲೂ ತೆರೆಯಲಿಲ್ಲ. ಅಂದಿನಿಂದ ಹಳೆಯ ಚಾವಿಯನ್ನೂ ಜೇಬಿನಲ್ಲಿಟ್ಟುಕೊಂಡೇ ತಿರುಗತೊಡಗಿದೆ. ಕೀಲಿ ಬೇಡವೆಂದು ಹಣ ಕೊಟ್ಟು ಈಗ ಎರಡನ್ನು ಹೊರುತ್ತಿದ್ದೆ.

ಈಗ ನನ್ನ ಗಾಡಿಯಲ್ಲಿ ಉಳಿದಿರುವುದು ಬಟನ್, ಒಂದು 40 ಆಂಪಿಯರ್ ರಿಲೇ, ಒಂದು ಫ್ಯೂಸ್, ಕ್ಲಚ್ ಸ್ವಿಚ್. ಕೀಲಿಯನ್ನು ಮೊದಲಿನಂತೆಯೇ ತೂರಿಸಿ ಆನ್‌ಗೆ ತಿರುಗಿಸುತ್ತೇನೆ: ಸ್ಟೇರಿಂಗ್ ಬೀಗ ಬಿಡುತ್ತದೆ, ಚಿಪ್ ತನ್ನ ಗುರುತು ಹೇಳುತ್ತದೆ. ಆಮೇಲೆ ಕ್ಲಚ್ ತುಳಿದು ಬಟನ್ ಒತ್ತಿದರೆ ಸ್ಟಾರ್ಟರ್ ತಿರುಗುತ್ತದೆ. ನಿಲ್ಲಿಸುವುದು ಕೀಲಿಯಿಂದಲೇ. ಬಟನ್ನಿಗೆ ಎಂಜಿನ್ ಆರಿಸುವ ಅಧಿಕಾರವೇ ಇಲ್ಲ. ಓಡುತ್ತಿರುವ ಎಂಜಿನ್ನಿಗೆ ಸ್ಟಾರ್ಟರ್ ಹಲ್ಲು ತಾಗಿ ಕರಕರ ಎನ್ನಬಾರದೆಂದು ಚಾರ್ಜಿಂಗ್ ದೀಪದ ವೈರಿನಿಂದ ಒಂದು ತಡೆಯನ್ನೂ ಹಾಕಿಸಿದ್ದೇನೆ. ಅಕ್ಕನ ಮಗ ಈಗಲೂ ಒತ್ತುತ್ತಾನೆ, ಏನೂ ಆಗುವುದಿಲ್ಲ.

ಪೂರ್ತಿ ಕೀಲಿರಹಿತವೇ ಬೇಕೆಂದರೆ ವಿಮಾ ಕಂಪನಿಗೆ ಮೊದಲೇ ಬರಹದಲ್ಲಿ ತಿಳಿಸಿ. ನಿಮ್ಮ ಎಲೆಕ್ಟ್ರಿಷಿಯನ್ನರನ್ನು ಒಂದು ಮಾತು ಕೇಳಿ: ಸ್ಟೇರಿಂಗ್ ಬೀಗವನ್ನು ಏನು ಮಾಡುತ್ತೀರಿ? ಉತ್ತರ ಬರುವ ಮೊದಲೇ ಅವರು ಇಕ್ಕಳ ಕೈಗೆತ್ತಿಕೊಂಡರೆ ಗಾಡಿ ತೆಗೆದುಕೊಂಡು ಹೊರಡಿ. ಎರಡನೆಯ ಕೀಲಿ ಮನೆಯಲ್ಲಿ ಇದೆಯೇ ಎಂದೂ ನೋಡಿಕೊಳ್ಳಿ. ಇರುವ ಒಂದೇ ಕೀಲಿಯನ್ನು ಒಡೆದು ಚಿಪ್ ತೆಗೆದು ಅಂಟಿಸಲು ಯಾರಿಗೂ ಕೊಡಬೇಡಿ.