ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಕಾರಿನ ಮುಂಭಾಗದ ಸಸ್ಪೆನ್ಷನ್

ಪ್ರಶ್ನೆ: ನನ್ನ ಬಳಿ 1967ರ ಎಂಜಿಬಿ ಕಾರಿದೆ. ರಸ್ತೆ ಸ್ವಲ್ಪ ಏರುಪೇರಾದರೂ ಮುಂದಿನ ಚಕ್ರಗಳ ಕಡೆಯಿಂದ ಕಟಕಟ ಸದ್ದು ಬರುತ್ತದೆ. ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಆಗಾಗ ತಿದ್ದಿಕೊಳ್ಳುತ್ತಲೇ ಓಡಿಸಬೇಕು. ಸಸ್ಪೆನ್ಷನ್ನಿನ ಎಲ್ಲ ಭಾಗಗಳಿರುವ ಕಿಟ್ ತರಿಸಿ ಒಮ್ಮೆಲೇ ಬದಲಿಸಿಬಿಡುವುದು ಒಳ್ಳೆಯದೆಂದು ಮೆಕ್ಯಾನಿಕ್ ಹೇಳುತ್ತಾರೆ. ಅದು ಅಗತ್ಯವೇ?

ಉತ್ತರ: ಕಿಟ್ ತರಿಸುವ ಮೊದಲು ಯಾವ ಭಾಗ ಸವೆದಿದೆ ಎಂಬುದನ್ನು ನಿಶ್ಚಯಿಸಿಕೊಳ್ಳಿ. ಅದಕ್ಕೆ ದುಬಾರಿ ಉಪಕರಣವೇನೂ ಬೇಡ. ಕಾರಿನ ಮುಂಭಾಗವನ್ನು ಎತ್ತಿ, ಜಾಕನ್ನು ನಂಬಿಕೊಳ್ಳದೆ ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈಯಿಟ್ಟು ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಅಲ್ಲಾಟ ಕಂಡರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಹಬ್ (ಚಕ್ರ ಕೂರುವ ನಡುಭಾಗ) ಮತ್ತು ಸ್ಟಬ್ ಆಕ್ಸಲ್ (ಹಬ್ ತಿರುಗುವ ಅಚ್ಚು) ಒಂದಾಗಿ ಬಿಗಿದುಕೊಳ್ಳುವುದರಿಂದ, ಅಲ್ಲಾಟ ಮಾಯವಾದರೆ ದೋಷ ವೀಲ್ ಬೇರಿಂಗಿನದು. ಹಾಗೆಯೇ ಉಳಿದರೆ ಕಿಂಗ್‌ಪಿನ್ನಿನದು (ಸ್ಟೀರಿಂಗ್ ತಿರುಗಿಸಿದಾಗ ಚಕ್ರಕ್ಕೆ ತಿರುಗಣೆಯಾಗುವ ನಿಂತ ಪಿನ್) ಅಥವಾ ಅದನ್ನು ಹಿಡಿದಿರುವ ಟ್ರನಿಯನ್ ಎಂಬ ಕೀಲುಗಳದು. ಬಳಿಕ ಎಡಬಲಕ್ಕೆ ಕೈಯಿಟ್ಟು ಅಲ್ಲಾಡಿಸಿದರೆ ಟ್ರ್ಯಾಕ್ ರಾಡ್ ಎಂಡ್ (ಸ್ಟೀರಿಂಗಿನ ರಾಡ್ ಚಕ್ರದ ಕಡೆಗೆ ಸೇರುವ ಕೀಲು) ಮತ್ತು ಸ್ಟೀರಿಂಗ್ ರ‍್ಯಾಕಿನ ಸ್ಥಿತಿ ತಿಳಿಯುತ್ತದೆ. ಬೇರಿಂಗ್ ಸಡಿಲವಾಗಿದ್ದುದಕ್ಕೆ ಕಿಂಗ್‌ಪಿನ್ ಬದಲಿಸಿದವರು ಕಡಿಮೆಯೇನಿಲ್ಲ. ಆದ್ದರಿಂದ ಈ ಪರೀಕ್ಷೆಯನ್ನು ಅವಸರವಿಲ್ಲದೆ ಮಾಡಿ.

ನಿಮ್ಮ ಕಾರಿನಲ್ಲಿ ಮೇಲಿನ ವಿಶ್‌ಬೋನ್ (ಚಕ್ರದ ಭಾಗವನ್ನು ಕಾರಿಗೆ ಸೇರಿಸುವ ಕವೆಯಾಕಾರದ ತೋಳು) ಎಂದು ಪ್ರತ್ಯೇಕ ಭಾಗವಿಲ್ಲ. ಲಿವರ್ ಡ್ಯಾಂಪರಿನ (ಎಣ್ಣೆ ತುಂಬಿದ, ಹಳೆಯ ಬಗೆಯ ಶಾಕ್ ಅಬ್ಸಾರ್ಬರ್) ತೋಳುಗಳೇ ಆ ಕೆಲಸ ಮಾಡುತ್ತವೆ. ಹಾಗಾಗಿ ಡ್ಯಾಂಪರಿನ ಶಾಫ್ಟ್ ತನ್ನ ಬುಷ್‌ನಲ್ಲಿ (ತಿರುಗುವ ಭಾಗ ಕೂರುವ ಬಳೆಯಂಥ ಒಳಪದರ) ಸವೆದಿದ್ದರೆ, ಕೆಳಗೆ ಎಷ್ಟು ಹೊಸ ಭಾಗ ಹಾಕಿದರೂ ಚಕ್ರ ನೆಟ್ಟಗೆ ನಿಲ್ಲುವುದಿಲ್ಲ. ಶಾಫ್ಟಿನ ಸುತ್ತ ಎಣ್ಣೆ ಜಿನುಗಿದ ಗುರುತಿದೆಯೇ, ತೋಳನ್ನು ಅಡ್ಡಡ್ಡಲಾಗಿ ಎಳೆದಾಗ ಅಲುಗುತ್ತದೆಯೇ ಎಂದು ನೋಡಿ. ಬರಿದಾದ ಡ್ಯಾಂಪರಿಗೆ ಎಣ್ಣೆ ತುಂಬಿಸಿದರೆ ಸ್ವಲ್ಪ ಕಾಲ ನಡೆದೀತು, ಆದರೆ ಶಾಫ್ಟ್ ಸವೆದಿದ್ದರೆ ಬಿಚ್ಚಿ ಹೊಸ ಬುಷ್ ಮತ್ತು ಸೀಲ್ ಹಾಕಿಸಲೇಬೇಕು.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ರಬ್ಬರ್ ಬುಷ್, ಸೀಲ್, ಥ್ರಸ್ಟ್ ವಾಷರ್, ಸ್ಪ್ಲಿಟ್ ಪಿನ್, ನೈಲಾಕ್ ನಟ್ ಇವೆಲ್ಲ ಹೊಸದಾಗಿರಲಿ. ವಿಶ್‌ಬೋನ್ ತೋಳು, ಸ್ಪ್ರಿಂಗ್ ಪ್ಯಾನ್ (ಸ್ಪ್ರಿಂಗ್ ಕೂರುವ ತಟ್ಟೆ), ಸ್ವಿವೆಲ್ ಆಕ್ಸಲ್ (ಸ್ಟಬ್ ಆಕ್ಸಲ್ ಇರುವ, ಕಿಂಗ್‌ಪಿನ್ ಸುತ್ತ ತಿರುಗುವ ಭಾಗ) ಮುಂತಾದ ಮೂಲ ಲೋಹದ ಭಾಗಗಳನ್ನು ಬೋಲ್ಟ್ ರಂಧ್ರ ಉದ್ದವಾಗಿಲ್ಲ, ಬಿರುಕು ಬಿಟ್ಟಿಲ್ಲ, ಬಾಗಿಲ್ಲ ಎಂದು ಪರೀಕ್ಷಿಸಿದ ಮೇಲೆ ಉಳಿಸಿಕೊಳ್ಳಿ. ಇಂದು ದೊರೆಯುವ ಮರುತಯಾರಿಕೆಯ ಭಾಗಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಸರಿಯಾಗಿ ಹದಗೊಳಿಸದ ಹೊಸ ಕಿಂಗ್‌ಪಿನ್ನಿಗಿಂತ, ಸವೆಯದ ಹಳೆಯ ಕಿಂಗ್‌ಪಿನ್ ಎಷ್ಟೋ ವಾಸಿ.

ಕಿಂಗ್‌ಪಿನ್ ಬದಲಿಸಲೇಬೇಕಾಗಿ ಬಂದರೆ ಅದನ್ನು ಅನುಭವವಿರುವ ಯಂತ್ರಶಾಲೆಯಲ್ಲೇ ಮಾಡಿಸಿ. ಕಂಚಿನ ಬುಷ್ ಒತ್ತಿ ಕೂರಿಸಿದ ಮೇಲೆ ಅದರ ಒಳವ್ಯಾಸ ಕುಗ್ಗುತ್ತದೆ. ಮೇಲಿನ ಬುಷ್ ಮತ್ತು ಕೆಳಗಿನ ಬುಷ್ ಒಂದೇ ರೇಖೆಯಲ್ಲಿರುವಂತೆ ಎರಡನ್ನೂ ಒಂದೇ ಓಟದಲ್ಲಿ ರೀಮರ್ (ರಂಧ್ರವನ್ನು ಸರಿಯಾದ ಅಳತೆಗೆ ಹೆರೆಯುವ ಸಾಧನ) ಹಾಕಿ ಸರಿದೂಗಿಸಬೇಕು. ಬುಷ್ ಒತ್ತುವ ಮುನ್ನ ಅದರ ಗ್ರೀಸ್ ರಂಧ್ರ, ಗ್ರೀಸ್ ತುಂಬುವ ನಿಪ್ಪಲಿನ ರಂಧ್ರಕ್ಕೆ ಎದುರಾಗಿದೆಯೇ ಎಂದು ಕಣ್ಣಾರೆ ನೋಡಿ. ರಂಧ್ರ ಮುಚ್ಚಿಹೋದರೆ ಗ್ರೀಸ್ ಒಳಗೆ ಇಳಿಯುವುದೇ ಇಲ್ಲ, ಹೊರಗಿನಿಂದ ನೋಡಿದವರಿಗೆ ಅದು ಗೊತ್ತಾಗುವುದೂ ಇಲ್ಲ. ಕೆಲಸ ಸರಿಯಾಗಿದ್ದರೆ ಎಣ್ಣೆ ಸವರಿದ ಪಿನ್ ಅಲುಗಾಟವಿಲ್ಲದೆ, ತಡೆಯೂ ಇಲ್ಲದೆ ನಯವಾಗಿ ತಿರುಗುತ್ತದೆ. ಮುಂದೆ ಗ್ರೀಸ್ ತುಂಬುವಾಗಲೂ ಚಕ್ರವನ್ನು ನೆಲದಿಂದ ಎತ್ತಿಯೇ ತುಂಬಿ. ಭಾರ ಹೊತ್ತ ಮುಖಗಳ ನಡುವೆ ಗ್ರೀಸ್ ಹೋಗಲು ಜಾಗವಿರುವುದಿಲ್ಲ.

ಕೊನೆಯದಾಗಿ, ಸ್ಪ್ರಿಂಗ್ ಬಿಚ್ಚುವ ಕೆಲಸದಲ್ಲಿ ಧೈರ್ಯ ತೋರಿಸಬೇಡಿ. ಕಾರು ಎತ್ತಿರುವಾಗಲೂ ಕಾಯಿಲ್ ಸ್ಪ್ರಿಂಗ್ ಅದುಮಿಕೊಂಡೇ ಇರುತ್ತದೆ. ಹಿಡಿತ ತಪ್ಪಿದರೆ ಅದು ಕೈಮುರಿಯುವುದಿರಲಿ, ಜೀವಕ್ಕೇ ಅಪಾಯ. ಸ್ಪ್ರಿಂಗ್ ಪ್ಯಾನಿನ ಬೋಲ್ಟ್‌ಗಳನ್ನು ಒಂದೊಂದಾಗಿ ತೆಗೆದು, ಆ ಜಾಗದಲ್ಲಿ ಪೂರ್ತಿ ಥ್ರೆಡ್ ಇರುವ ಉದ್ದನೆಯ ಗಟ್ಟಿ ರಾಡ್‌ಗಳನ್ನು ಹಾಕಿ, ಅವುಗಳ ನಟ್‌ಗಳನ್ನು ಸಮನಾಗಿ ಸಡಿಲಿಸುತ್ತಾ ಪ್ಯಾನನ್ನು ಇಳಿಸುವ ಕ್ರಮ ಸುರಕ್ಷಿತವಾದುದು. ಸ್ಪ್ರಿಂಗ್ ಬದಲಿಸಿದರೆ ಎರಡೂ ಬದಿಯದನ್ನು ಜೋಡಿಯಾಗಿಯೇ ಬದಲಿಸಿ.

ಪ್ರಶ್ನೆ: ಕೆಳಗಿನ ವಿಶ್‌ಬೋನಿಗೆ ಒಳ್ಳೆಯ ಕಂಪನಿಯ, ಲೋಹದ ಕೊಳವೆ (ಸ್ಲೀವ್) ಇರುವ ರಬ್ಬರ್ ಬುಷ್‌ಗಳನ್ನೇ ಹಾಕಿಸಿದೆ. ಕೆಲವೇ ತಿಂಗಳಲ್ಲಿ ಅವು ಹರಿದುಹೋದವು. ಹಾಕಿಸಿದ ದಿನದಿಂದ ಕಾರಿನ ಮೂತಿಯೂ ಸ್ವಲ್ಪ ಎತ್ತರಕ್ಕೆ ನಿಂತಿತ್ತು. ಈ ಬಾರಿ ಪಾಲಿಯುರಿಥೇನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬುಷ್ ಹಾಕಿಸಲೇ?

ಉತ್ತರ: ಮೂತಿ ಎತ್ತರಕ್ಕೆ ನಿಂತಿತ್ತೆಂಬ ನಿಮ್ಮ ಮಾತಿನಲ್ಲೇ ಕಾರಣ ಅಡಗಿದೆ. ಕಾರು ಸ್ಟ್ಯಾಂಡಿನ ಮೇಲಿದ್ದು ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿದಿರಬೇಕು. ಇಂಥ ಬುಷ್‌ನಲ್ಲಿ ರಬ್ಬರು ಲೋಹಕ್ಕೆ ಅಂಟಿಕೊಂಡಿರುತ್ತದೆ; ಅದು ಉಜ್ಜಿಕೊಂಡು ತಿರುಗುವುದಿಲ್ಲ, ತಾನೇ ತಿರುಚಿಕೊಂಡು ತೋಳಿನ ಚಲನೆಗೆ ಎಡೆಕೊಡುತ್ತದೆ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣವೇ ರಬ್ಬರು ತಿರುಚಿಕೊಳ್ಳುತ್ತದೆ, ನಿಂತಿದ್ದಾಗಲೂ ಹಾಗೆಯೇ ಇರುತ್ತದೆ. ಮೂತಿಯನ್ನು ಮೇಲೆತ್ತುವುದೂ ಅದೇ ತಿರುಚು, ಒಂದೊಂದು ಗುಂಡಿಯಲ್ಲೂ ಹೆಚ್ಚುತ್ತಾ ಹೋಗಿ ರಬ್ಬರನ್ನು ಹರಿಯುವುದೂ ಅದೇ. ಜೋಡಿಸುವಾಗ ಬೋಲ್ಟ್‌ಗಳನ್ನು ಕೈಬಿಗಿಯಾಗಿ ಬಿಡಿ. ಕಾರನ್ನು ಇಳಿಸಿ, ಸ್ವಲ್ಪ ಹಿಂದೆ ಮುಂದೆ ತಳ್ಳಿ, ಮೂತಿಯನ್ನು ಅದುಮಿ ಬಿಟ್ಟು, ಅದು ತನ್ನ ಸಹಜ ಎತ್ತರದಲ್ಲಿ ನಿಂತ ಮೇಲೆ ಟಾರ್ಕ್ ರೆಂಚ್ ಹಿಡಿಯಿರಿ. ಬಿಗಿತದ ಅಳತೆಗೆ ನಿಮ್ಮ ಕಾರಿನ ವರ್ಕ್‌ಶಾಪ್ ಕೈಪಿಡಿಯನ್ನೇ ಅನುಸರಿಸಿ.

ಪಾಲಿಯುರಿಥೇನ್ ಬುಷ್ ತನ್ನ ಒಳಗಿನ ಲೋಹದ ಕೊಳವೆಯ ಮೇಲೆ ಜಾರಿ ತಿರುಗುವುದರಿಂದ ಅದಕ್ಕೆ ಈ ತೊಂದರೆಯಿಲ್ಲ, ಎಣ್ಣೆ ಬಿದ್ದರೂ ಅದು ಬೇಗ ಹಾಳಾಗುವುದಿಲ್ಲ. ಆದರೆ ರಸ್ತೆಯ ಒರಟುತನ ಕಾರಿನೊಳಕ್ಕೆ ಹೆಚ್ಚು ಬರುತ್ತದೆ, ಸೂಕ್ತವಾದ ಸಿಲಿಕೋನ್ ಗ್ರೀಸ್ ಹಚ್ಚದಿದ್ದರೆ ಕಿರುಗುಟ್ಟುತ್ತದೆ. ನಿಧಾನವಾಗಿ, ಹಾಯಾಗಿ ಓಡಿಸುವ ಹಳೆಯ ಕಾರಿಗೆ ಸರಿಯಾಗಿ ಜೋಡಿಸಿದ ರಬ್ಬರೇ ಚೆನ್ನ.

ಇನ್ನೊಂದು ಮಾತು. ಬಿಚ್ಚಿದ ಭಾಗಗಳಿಗೆ ಪೌಡರ್ ಕೋಟಿಂಗ್ ಮಾಡಿಸುವ ಆಲೋಚನೆಯಿದ್ದರೆ, ಬೋಲ್ಟಿನಿಂದ ಅದುಮಿಕೊಳ್ಳುವ ಮುಖಗಳನ್ನು ಮುಚ್ಚಿಸಿಯೇ ಮಾಡಿಸಿ. ದಪ್ಪನೆಯ ಲೇಪ ಕ್ರಮೇಣ ಕುಗ್ಗಿ, ಬಿಗಿದ ಬೋಲ್ಟ್ ತಾನಾಗಿಯೇ ಸಡಿಲಗೊಳ್ಳುತ್ತದೆ.

ಪ್ರಶ್ನೆ: ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ಕೆಳಗಿನ ಟ್ರನಿಯನ್ನಿಗೆ ಗ್ರೀಸ್ ಹಾಕಬೇಕೋ, ಎಣ್ಣೆಯೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಎಣ್ಣೆಯನ್ನೇ ಹಾಕಿ, ಅದೂ ಇಪಿ 90 ಗೇರ್ ಎಣ್ಣೆಯನ್ನು. ಇಲ್ಲಿ ಉಕ್ಕಿನ ಲಂಬ ಲಿಂಕ್ (ಚಕ್ರವನ್ನು ಹೊತ್ತು ನೆಟ್ಟಗೆ ನಿಂತಿರುವ ಭಾಗ) ಕಂಚಿನ ಟ್ರನಿಯನ್ನಿನೊಳಗೆ ಥ್ರೆಡ್ ಮೇಲೆ ಕೂತಿದ್ದು, ಸ್ಟೀರಿಂಗ್ ತಿರುಗಿದಂತೆಲ್ಲ ಅದರಲ್ಲೇ ತಿರುಗುತ್ತದೆ. ಗ್ರೀಸ್ ಕಾಲಕ್ರಮದಲ್ಲಿ ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ನೀರು ಸೇರಿ ಉಕ್ಕಿನ ಥ್ರೆಡ್ ತುಕ್ಕು ಹಿಡಿಯುತ್ತದೆ, ಕೊನೆಗೆ ಲಿಂಕ್ ಮುರಿದು ಚಕ್ರ ಕಾರಿನಡಿ ಮಡಿಚಿಕೊಳ್ಳುತ್ತದೆ. ಬಿಚ್ಚಿದಾಗ ಥ್ರೆಡ್ಡಿನಲ್ಲಿ ತುಕ್ಕಿನ ಗುಳಿಗಳು ಕಂಡರೆ ಆ ಲಿಂಕನ್ನು ಮತ್ತೆ ಬಳಸಬೇಡಿ. ಎಡಬದಿ ಮತ್ತು ಬಲಬದಿಯ ಟ್ರನಿಯನ್‌ಗಳ ಥ್ರೆಡ್ ಪರಸ್ಪರ ವಿರುದ್ಧ ದಿಕ್ಕಿನದು, ಅದಲುಬದಲಾಗದಂತೆ ಬಿಚ್ಚುವಾಗಲೇ ಗುರುತು ಹಾಕಿಕೊಳ್ಳಿ. ಜೋಡಿಸುವಾಗ ಕೊನೆಯವರೆಗೆ ತಿರುಗಿಸಿ, ಮತ್ತೆ ಸ್ವಲ್ಪ ಹಿಂದಕ್ಕೆ ಬಿಚ್ಚಿ, ಚಕ್ರ ಎರಡೂ ಕಡೆಗೆ ಪೂರ್ತಿಯಾಗಿ ತಿರುಗುತ್ತದೆಯೇ ಎಂದು ನೋಡಿಕೊಂಡ ನಂತರವೇ ವಿಶ್‌ಬೋನಿನ ಬೋಲ್ಟ್ ಹಾಕಿ.