ಅಜ್ಜನ ಕಾಲದ ಉಳಿಗಳಿಗೆ ತುಕ್ಕು ಹಿಡಿದಿದೆ, ಹಿಡಿಕೆ ಸೀಳಿವೆ. ಮತ್ತೆ ಕೆಲಸಕ್ಕೆ ಬರುತ್ತವೆಯೇ?

ಹುಬ್ಬಳ್ಳಿಯ ಹಳೇ ಮನೆಯ ಅಟ್ಟದಲ್ಲಿ ಅಜ್ಜನ ಐದು ಉಳಿ ಸಿಕ್ಕಿವೆ, ಎರಡಕ್ಕೆ ಹಿಡಿಕೆಯೇ ಇಲ್ಲ, ಮೂರರ ಹಿಡಿಕೆ ಸೀಳಿವೆ, ಅಲಗಿಗೆಲ್ಲ ತುಕ್ಕು ಎಂದು ಬರೆದಿದ್ದೀರಿ. ಮನೆಯಲ್ಲೇ ಸರಿಮಾಡಬಹುದೇ, ಹಿಡಿಕೆಗೆ ಯಾವ ಕಟ್ಟಿಗೆ ಒಳ್ಳೆಯದು ಎಂದು ಕೇಳಿದ್ದೀರಿ. ಮಾಡಬಹುದು, ದುಬಾರಿ ಸಾಮಾನೂ ಬೇಕಿಲ್ಲ. ಆದರೆ ಹೆಚ್ಚಿನವರು ಇಡೀ ಅಲಗು ಫಳಫಳ ಹೊಳೆಯುವವರೆಗೆ ತಿಕ್ಕಿ ಸುಸ್ತಾಗಿ, ಮುಖ್ಯವಾದ ಎರಡು ಜಾಗವನ್ನೇ ಬಿಟ್ಟುಬಿಡುತ್ತಾರೆ. ಒಂದು, ಬಾಯಿಯ (ಕತ್ತರಿಸುವ ಅಂಚಿನ) ಹಿಂದಿನ ಒಂದೂವರೆ ಇಂಚು ಬೆನ್ನು. ಇನ್ನೊಂದು, ಹಿಡಿಕೆಯೊಳಗಿನ ತೂತು. ನಿಮ್ಮ ಶ್ರಮವೆಲ್ಲ ಅಲ್ಲಿಗೇ ಹೋಗಲಿ.

ಮೊದಲು ಉಳಿಯನ್ನು ಓದಬೇಕು. ಬೆನ್ನು ಎಂದರೆ ಸಪಾಟು ಮೈ, ಅದರ ಎದುರು ಬದಿಯಲ್ಲಿ ಬಾಯಿಯ ಕಡೆ ಇಳಿಜಾರಾಗಿ ಸವೆಸಿದ್ದು ಓರೆ. ತುಕ್ಕನ್ನು ಸ್ವಲ್ಪ ಕೆರೆದು, ಬಾಯಿಯ ಹತ್ತಿರ ಬೆನ್ನಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗುಳಿಗಳಿದ್ದರೆ, ಅವು ಮುಗಿಯುವವರೆಗೆ ಬಾಯಿಯನ್ನು ಹಿಂದಕ್ಕೆ ಸವೆಸಬೇಕಾಗುತ್ತದೆ. ಯಾಕೆಂದರೆ ಬಾಯಿ ಅನ್ನುವುದು ಬೆನ್ನು ಮತ್ತು ಓರೆ ಕೂಡುವ ಗೆರೆ. ಬೆನ್ನಿನ ಗುಳಿ ಆ ಗೆರೆಗೆ ಬಂದು ತಲುಪಿದ ದಿನ ಬಾಯಿ ಗರಗಸದ ಹಲ್ಲಿನಂತಾಗುತ್ತದೆ. ಅಲಗಿನ ಮೇಲ್ಮೈಯಲ್ಲೋ ಪಕ್ಕದಲ್ಲೋ ಗುಳಿಗಳಿದ್ದರೆ ಏನೂ ತೊಂದರೆಯಿಲ್ಲ, ಹಾಗೇ ಇರಲಿ.

ಮುದ್ರೆ ಇದೆಯೇ ನೋಡಿರಿ. ಇಂಗ್ಲೆಂಡಿನ ಶೆಫೀಲ್ಡ್ ಹೆಸರಿನ ಜೊತೆ ‘ಕಾಸ್ಟ್ ಸ್ಟೀಲ್’ ಎಂದು ಒತ್ತಿದ್ದರೆ ಅದು ಮೂಸೆಯಲ್ಲಿ ಕರಗಿಸಿದ ಉಕ್ಕು. ಆ ವಿಧಾನವನ್ನು ಶೆಫೀಲ್ಡಿನಲ್ಲಿ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ರೂಢಿಗೆ ತಂದ. ಅಂಥ ಹಳೆಯ ಉಳಿಗಳಲ್ಲಿ ಎಷ್ಟೋ ಬಾರಿ ಮೈಯೆಲ್ಲ ಮೆತ್ತನೆ ಕಬ್ಬಿಣ, ಬೆನ್ನಿಗೆ ಮಾತ್ರ ಉಕ್ಕಿನ ಪದರ ಬೆಸೆದಿರುತ್ತದೆ. ಓರೆಯನ್ನು ನುಣ್ಣಗೆ ತಿಕ್ಕಿದರೆ ಎರಡು ಬಣ್ಣ, ನಡುವೆ ಒಂದು ಗೆರೆ ಕಾಣುತ್ತದೆ. ಆ ಪದರ ತೆಳುವಾದ್ದರಿಂದ ಬೆನ್ನನ್ನು ಯಾವತ್ತೂ ಗ್ರೈಂಡರಿಗೆ ಕೊಡಬಾರದು. ಮುದ್ರೆ ಇಲ್ಲದ್ದು ಊರಿನ ಕಮ್ಮಾರ ಲಾರಿ ಪಾಟಾದಿಂದ (ಲಾರಿಯ ಸ್ಪ್ರಿಂಗಿನ ಪಟ್ಟಿಯಿಂದ) ಬಡಿದು ಮಾಡಿದ್ದೂ ಆಗಿರಬಹುದು. ಅದನ್ನೇನೂ ಕಡಿಮೆ ಎಂದುಕೊಳ್ಳಬೇಡಿರಿ. ಪಾಟಾ ಉಕ್ಕಿನ ಉಳಿ ಏಟು ಚೆನ್ನಾಗಿ ತಡೆಯುತ್ತದೆ, ತೂತು ಕೊರೆಯುವ ಕೆಲಸಕ್ಕೆ ನನಗೆ ಅದೇ ಇಷ್ಟ.

ಹದ, ಅಂದರೆ ಉಕ್ಕಿನ ಗಡಸು, ಇದೆಯೋ ಇಲ್ಲವೋ ತಿಳಿಯಲು ಹೊಸ ಕಾನಸನ್ನು ಬಾಯಿಯ ಹತ್ತಿರ ಮೆಲ್ಲಗೆ ಓಡಿಸಿರಿ. ಕಾನಸು ಜಾರಿದರೆ ಹದ ಇದೆ. ಕಚ್ಚಿ ಪುಡಿ ಉದುರಿಸಿದರೆ ಆ ಜಾಗ ಮೆತ್ತಗಾಗಿದೆ, ಹೆಚ್ಚಾಗಿ ಯಾರೋ ಗ್ರೈಂಡರಿನಲ್ಲಿ ಸುಟ್ಟಿರುತ್ತಾರೆ. ಸುಟ್ಟಿದ್ದು ತುದಿಯಷ್ಟೇ ಇದ್ದರೆ ಕೆಲವು ಮಿಲಿಮೀಟರ್ ಸವೆಸಿದ ಮೇಲೆ ಗಟ್ಟಿ ಉಕ್ಕು ಸಿಗುತ್ತದೆ. ಅಲ್ಲಿಯೂ ಮೆತ್ತಗಿದ್ದರೆ ಕುಲುಮೆಗೆ ಒಯ್ಯಬೇಕು. ಬಾಯಿಯ ಕಡೆ ಎರಡು ಇಂಚು ಕೆಂಪಗೆ ಕಾಯಿಸಿ, ಅಯಸ್ಕಾಂತ ಹಿಡಿಯುವುದನ್ನು ಬಿಟ್ಟ ಮೇಲೆ ಇನ್ನು ಸ್ವಲ್ಪವೇ ಕಾಯಿಸಿ, ಅಂದರೆ ಸುಮಾರು 800 ಡಿಗ್ರಿಗೆ ತಂದು, ಬೆಚ್ಚಗಿನ ಎಣ್ಣೆಯಲ್ಲಿ ನೆಟ್ಟಗೆ ಇಳಿಸಬೇಕು. ಓರೆಯಾಗಿ ಇಳಿಸಿದರೆ ಅಲಗು ಬಾಗುತ್ತದೆ. ನೀರಿನಲ್ಲಿ ಅದ್ದಿದರೆ ಬಿರುಕು ಬಿಡುವ ಭಯ, ಎಣ್ಣೆಯಲ್ಲಿ ಗಟ್ಟಿಯಾಗದಿದ್ದರೆ ಮಾತ್ರ ನೀರು. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಲು ತಗಡಿನ ಮುಚ್ಚಳ ಪಕ್ಕದಲ್ಲೇ ಇರಲಿ. ತಣಿದ ಕೂಡಲೇ ಅಡುಗೆಮನೆಯ ಓವನ್ನಿನಲ್ಲಿ 200ರಿಂದ 220 ಡಿಗ್ರಿಗೆ ಒಂದು ತಾಸು ಇಡಿರಿ. ತಿಕ್ಕಿದ ಉಕ್ಕಿನ ಮೇಲೆ ತಿಳಿ ಹಳದಿ ಹುಲ್ಲಿನ ಬಣ್ಣ ಬರಬೇಕು. ಈ ಕೊನೆಯ ಕೆಲಸ ಬಿಟ್ಟರೆ ಬಾಯಿ ಗಾಜಿನ ಹಾಗೆ ಉದುರುತ್ತದೆ.

ಇನ್ನು ತುಕ್ಕು. ಮೇಲುಮೇಲಿನ ಕೆಂಪು ತುಕ್ಕಿಗೆ ಒಂದು ರಾತ್ರಿ ಸೀಮೆಎಣ್ಣೆ, ಮರುದಿನ ತಂತಿ ಬ್ರಶ್, ಅಷ್ಟು ಸಾಕು. ಪದರ ಕಟ್ಟಿದ್ದಕ್ಕೆ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಮಾರುವ ಸಿಟ್ರಿಕ್ ಆಸಿಡ್ ಒಳ್ಳೆಯದು. ಒಂದು ಲೀಟರ್ ನೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಪಾತ್ರೆಯಲ್ಲಿ. ಎರಡು ತಾಸಿಗೊಮ್ಮೆ ತೆಗೆದು ತಿಕ್ಕಿ ನೋಡಿರಿ. ತುಕ್ಕು ಬಿಟ್ಟ ಮೇಲೂ ಅದರಲ್ಲೇ ಬಿಟ್ಟರೆ ಆಸಿಡ್ ಉಕ್ಕನ್ನೇ ತಿನ್ನಲು ಶುರುಮಾಡುತ್ತದೆ, ಅದಕ್ಕೇ ರಾತ್ರಿಯಿಡೀ ಮರೆತು ಮಲಗಬಾರದು. ಹೊರತೆಗೆದು ತೊಳೆದು, ಒಂದು ಚಮಚ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ಅಲ್ಲೇ ಒರೆಸಿ ಎಣ್ಣೆ ಹಚ್ಚಿರಿ. ಐದು ನಿಮಿಷ ತಡಮಾಡಿದರೂ ಕಣ್ಣೆದುರೇ ಹೊಸ ತುಕ್ಕಿನ ಹಳದಿ ಏರುತ್ತದೆ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡ. ಅದರ ಹೊಗೆಗೆ ಆ ಕೋಣೆಯಲ್ಲಿರುವ ಬೇರೆ ಹತ್ಯಾರಗಳೂ ತುಕ್ಕು ಹಿಡಿಯುತ್ತವೆ.

ಬೆನ್ನು ಸಪಾಟು ಮಾಡಲು ಸಪಾಟಾದ ನೆಲೆ ಬೇಕು. ಅಡುಗೆಕಟ್ಟೆಗೆ ಗ್ರಾನೈಟ್ ಕೊಯ್ಯುವ ಅಂಗಡಿಯಲ್ಲಿ ಒಂದು ಅಡಿಯ ಪಾಲಿಶ್ ಆದ ತುಂಡು ಕೇಳಿ ತನ್ನಿರಿ. ಅದರ ಮೇಲೆ ನೀರು ಚಿಮುಕಿಸಿ ವಾಟರ್ ಪೇಪರ್ ಅಂಟಿಸಿರಿ. 120 ನಂಬರಿನ ಒರಟು ಪೇಪರಿನಿಂದ ಶುರು, ಆಮೇಲೆ 220, 400, 800, ಕೊನೆಗೆ 1200. ಬೆನ್ನಿಗೆ ಮಾರ್ಕರಿನಿಂದ ಅಡ್ಡಗೆರೆ ಎಳೆದು, ಬಾಯಿಯ ಕಡೆಯ ಒಂದೂವರೆ ಇಂಚನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು ತಿಕ್ಕಿರಿ. ಬಾಯಿಗೆ ತಾಗಿದ ಗೆರೆ ಪೂರ್ತಿ ಅಳಿಸುವವರೆಗೆ 120ರಲ್ಲೇ ಇರಬೇಕು. ಅವಸರ ಮಾಡಿ 400ಕ್ಕೆ ಹೋದರೆ ತಾಸುಗಟ್ಟಲೆ ತಿಕ್ಕಿದರೂ ಆ ಮೂಲೆ ಮುಟ್ಟುವುದಿಲ್ಲ. ಹಿಡಿಕೆಯ ಕಡೆಯನ್ನು ಸ್ವಲ್ಪವೂ ಎತ್ತಬೇಡಿರಿ. ಎತ್ತಿದರೆ ಬಾಯಿಯ ಹತ್ತಿರ ಬೆನ್ನು ದುಂಡಗಾಗುತ್ತದೆ, ಆ ಉಳಿ ಮುಂದೆಂದೂ ನೆಟ್ಟಗೆ ಕೆತ್ತುವುದಿಲ್ಲ. ಒಂದೂವರೆ ಇಂಚಿನ ಆಚೆ ಬೆನ್ನು ಕಪ್ಪಾಗೇ ಇದ್ದರೂ ಚಿಂತೆಯಿಲ್ಲ.

ಓರೆಯ ಕೋನ ಅಳೆಯಲು ಸ್ಕೇಲ್ ಒಂದೇ ಸಾಕು. ಓರೆಯ ಉದ್ದ ಅಲಗಿನ ದಪ್ಪದ ಎರಡರಷ್ಟಿದ್ದರೆ 30 ಡಿಗ್ರಿ. 4 ಮಿಲಿಮೀಟರ್ ದಪ್ಪದ ಅಲಗಿಗೆ 8 ಮಿಲಿಮೀಟರ್ ಓರೆ. ಒಂಬತ್ತೂವರೆ ಬಂದರೆ 25 ಡಿಗ್ರಿ. ಸಾಗವಾನಿ, ಜಾಲಿಯಂಥ ಕಟ್ಟಿಗೆಗೆ ಏಟು ಹಾಕಿ ಕೆಲಸ ಮಾಡುವ ಉಳಿಗೆ 30 ಇರಲಿ. ಕೈಯಿಂದಲೇ ಒತ್ತಿ ಕೆತ್ತುವುದಕ್ಕೆ 25 ಸಾಕು. ಆಳದ ತೂತಿನ ದಪ್ಪ ಉಳಿಗೆ 35. ಗ್ರೈಂಡರ್ ಬಳಸಿದರೆ ಕೈಗವಸು ಹಾಕದೆ, ಬೆರಳನ್ನು ಬಾಯಿಯ ಹತ್ತಿರ ಇಟ್ಟೇ ಹಿಡಿಯಿರಿ. ಬೆರಳಿಗೆ ಬಿಸಿ ತಾಳಲಾರದೆನಿಸಿದ ಕ್ಷಣ ನೀರಿಗೆ ಅದ್ದಬೇಕು. ನೀಲಿ ಬಣ್ಣ ಕಂಡಿತೆಂದರೆ ಸುಮಾರು 300 ಡಿಗ್ರಿ ಮುಟ್ಟಿ ಹದ ಹೋಯಿತು, ಆಮೇಲೆ ನೀರಿಗೆ ಹಾಕಿದರೂ ತಿರುಗಿ ಬರುವುದಿಲ್ಲ. ಕೊನೆಗೆ ಸಾಣೆಕಲ್ಲಿನ ಮೇಲೆ, ಬೆನ್ನಿನ ಕಡೆ ಬೆರಳಿಗೆ ಸಣ್ಣ ಮಡಿಕೆ ತಾಗುವವರೆಗೆ ಓರೆಯನ್ನು ತಿಕ್ಕಿ, ಬೆನ್ನನ್ನು ಪೂರ್ತಿ ಮಲಗಿಸಿ ಆ ಮಡಿಕೆ ತೆಗೆಯಿರಿ. ಹಳೆಯ ಚರ್ಮದ ಬೆಲ್ಟಿಗೆ ಹಸಿರು ಪಾಲಿಶ್ ಸೋಪು ಹಚ್ಚಿ ಹತ್ತಿಪ್ಪತ್ತು ಸಲ ಹಿಂದಕ್ಕೆ ಎಳೆದರೆ ಮುಗಿಯಿತು.

ಹಿಡಿಕೆಗೆ ನಮ್ಮ ಕಡೆ ಜಾಲಿಗಿಂತ ಒಳ್ಳೆಯ ಕಟ್ಟಿಗೆ ಹುಡುಕಬೇಕಿಲ್ಲ. ದಾಂಡೇಲಿ, ಹಳಿಯಾಳ ಕಡೆಯ ಸಾಗವಾನಿ ಬಾಗಿಲಿಗೆ ಚಂದ, ಉಳಿಯ ಹಿಡಿಕೆಗಲ್ಲ. ಏಟು ಬಿದ್ದರೆ ಎಳೆಗುಂಟ ಸೀಳುತ್ತದೆ, ನಿಮ್ಮ ಉಳಿಗಳ ಮೂರು ಹಿಡಿಕೆ ಸೀಳಿರುವುದಕ್ಕೂ ಅದೇ ಕಾರಣ ಇರಬಹುದು. ನವಲಗುಂದ, ಗದಗ ಕಡೆಯ ಎರೆಹೊಲದ ಬದುವಿನಲ್ಲಿ ಬೆಳೆದ ಜಾಲಿಯ ಕೆಂಪು ಕೇಚು (ಮರದ ನಡುವಿನ ಭಾಗ) ಭಾರ, ಗಟ್ಟಿ, ಬಂಡಿಯ ಗಾಲಿಗೆ ಅದನ್ನೇ ಹಾಕುತ್ತಿದ್ದರು. ಮುರಿದ ಹಳೇ ಗಾಲಿ ಯಾರದ್ದಾದರೂ ಹಿತ್ತಲಲ್ಲಿ ಬಿದ್ದಿದ್ದರೆ ಕೇಳಿ ತನ್ನಿರಿ, ವರ್ಷಾನುಗಟ್ಟಲೆ ಒಣಗಿದ ಕಟ್ಟಿಗೆ ಪುಕ್ಕಟೆ ಸಿಕ್ಕಂತೆ. ಒಳಗೆ ಮೊಳೆ ಇದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿರಿ. ಹಸಿ ಜಾಲಿ ಖಂಡಿತ ಬೇಡ. ಒಣಗುತ್ತ ಕಟ್ಟಿಗೆ ಕುಗ್ಗಿ, ಹಿಡಿಕೆಯ ತುದಿಗೆ ತೊಡಿಸುವ ಲೋಹದ ಬಳೆ ಸಡಿಲಾಗುತ್ತದೆ, ಜೊತೆಗೆ ಅದರ ಒಗರು ಹಸಿಯಲ್ಲಿ ಕಬ್ಬಿಣಕ್ಕೆ ತಾಗಿ ಕಪ್ಪು ಬಿಡುತ್ತದೆ, ಬಾಲಕ್ಕೆ, ಅಂದರೆ ಹಿಡಿಕೆಯೊಳಗೆ ಹೋಗುವ ಅಲಗಿನ ತುದಿಗೆ, ತುಕ್ಕೂ ಹಿಡಿಯುತ್ತದೆ. ಒಂದು ಇಂಚು ದಪ್ಪದ ಹಲಗೆಗೆ ಸುಮಾರು ಒಂದು ವರ್ಷ ನೆರಳಿನ ಒಣಗು ಬೇಕು. ಜಾಲಿ ಸಿಗದಿದ್ದರೆ ದಿಂಡಿಗ, ಪೇರಲ ನಡೆಯುತ್ತವೆ. ಯಾವುದೇ ಆಗಲಿ, ಗರಗಸದಿಂದ ಕೊಯ್ಯುವ ಬದಲು ಕೊಡಲಿಯಿಂದ ಸೀಳಿದ ತುಂಡು ಮೇಲು, ಎಳೆ ತುದಿಯಿಂದ ತುದಿಗೆ ಹರಿದಿರುತ್ತದೆ.

ತುಂಡು 32 ಮಿಲಿಮೀಟರ್ ಚೌಕ, 140 ಉದ್ದ ಇರಲಿ. ಈಗ ಎಲ್ಲಕ್ಕಿಂತ ಮುಖ್ಯ ಮಾತು: ಮೊದಲು ತೂತು, ಆಮೇಲೆ ಆಕಾರ. ಆಕಾರ ಕೊಟ್ಟು ಮುಗಿಸಿದ ಮೇಲೆ ಡ್ರಿಲ್ ಹಿಡಿದರೆ, ತೂತು ಒಂದೆರಡು ಡಿಗ್ರಿ ವಾಲಿದರೂ ಅಲಗು ಸೊಟ್ಟ ನಿಲ್ಲುತ್ತದೆ. ಚೌಕ ತುಂಡಿನಲ್ಲಿ ತೂತು ವಾಲಿದ್ದರೆ, ಅದಕ್ಕೆ ತಕ್ಕಂತೆ ಹೊರಮೈಯನ್ನು ರಂದಾ ಹೊಡೆದು ನೇರ ಮಾಡಬಹುದು. ಲೇತಿನಲ್ಲಿ ಕಡೆಯುವವರು ಆ ತೂತನ್ನೇ ಮಧ್ಯಬಿಂದು ಮಾಡಿ ಕೂರಿಸಬೇಕು.

ಬಾಲ ಚೌಕವಾಗಿ, ತುದಿಗೆ ಸಣ್ಣಗಾಗುತ್ತ ಹೋಗಿರುತ್ತದೆ. 60 ಮಿಲಿಮೀಟರ್ ಉದ್ದ, ಬುಡದಲ್ಲಿ 8, ತುದಿಯಲ್ಲಿ 3 ಇದೆ ಎಂದುಕೊಳ್ಳಿರಿ. ಪೂರ್ತಿ ಆಳಕ್ಕೆ 4ರ ಬಿಟ್, ಅರ್ಧ ಆಳಕ್ಕೆ 6ರ ಬಿಟ್, ತೂತಿನ ಬಾಯಿಯ ಹತ್ತಿರ 15 ಮಿಲಿಮೀಟರಿನಷ್ಟು 8ರ ಬಿಟ್. ಆಮೇಲೆ ಬಾಲವನ್ನೇ ತೂತಿನಲ್ಲಿ ಒತ್ತಿ ತುಸು ತಿರುಗಿಸಿರಿ, ಅದರ ಅಂಚುಗಳು ಕಟ್ಟಿಗೆಯನ್ನು ಕೆರೆದು ತಮಗೆ ಬೇಕಾದಷ್ಟು ಜಾಗ ಮಾಡಿಕೊಳ್ಳುತ್ತವೆ. ಪುಡಿ ಕೊಡವಿ ಮತ್ತೆ ಒತ್ತಬೇಕು. ಬಾಲ ಕೆಂಪಗೆ ಕಾಯಿಸಿ ತೂತಿಗೆ ಇಳಿಸುವ ಹಳೆಯ ರೂಢಿಯೂ ಇದೆ, ನಾನು ಬೇಡವೆನ್ನುತ್ತೇನೆ. ಸುಟ್ಟ ಕಟ್ಟಿಗೆ ಇದ್ದಿಲಾಗಿ ಉದುರಿ ಕೆಲವೇ ತಿಂಗಳಲ್ಲಿ ಹಿಡಿಕೆ ಅಲುಗಾಡುತ್ತದೆ, ಅಲಗಿಗೆ ಬಿಸಿ ಹರಿದರೆ ಹದವೂ ಹೋಗುತ್ತದೆ. ಭುಜ, ಅಂದರೆ ಬಾಲದ ಬುಡದಲ್ಲಿ ಅಲಗು ದಪ್ಪಗಾಗುವ ಜಾಗ, ಹಿಡಿಕೆಗೆ ತಾಗಲು 5–6 ಮಿಲಿಮೀಟರ್ ಉಳಿದಾಗ ಕೆರೆಯುವುದನ್ನು ನಿಲ್ಲಿಸಿರಿ.

ಬಾಲ ಕೂರಿಸುವ ಮೊದಲೇ ಬಳೆ ಹಾಕಬೇಕು, ಇಲ್ಲದಿದ್ದರೆ ಮೊದಲ ಏಟಿಗೇ ಸೀಳುತ್ತದೆ. 20 ಮಿಲಿಮೀಟರ್ ಹಿತ್ತಾಳೆ ಅಥವಾ ಎಸಿ ರಿಪೇರಿಯವರ ಬಳಿ ಸಿಗುವ ತಾಮ್ರದ ಪೈಪಿನಿಂದ 15 ಮಿಲಿಮೀಟರ್ ಉದ್ದದ ತುಂಡು ಕೊಯ್ದು, ಒಳಗಿನ ಚೂಪು ಅಂಚನ್ನು ಕಾನಸಿನಿಂದ ಸವರಿರಿ. ಹಿಡಿಕೆಯ ತುದಿಯನ್ನು ಬಳೆಯ ಒಳ ಅಳತೆಗಿಂತ ಕೂದಲೆಳೆಯಷ್ಟು ದಪ್ಪ ಬಿಟ್ಟು ಬಡಿದು ಕೂರಿಸಿರಿ. ಭುಜಕ್ಕೂ ಹಿಡಿಕೆಗೂ ನಡುವೆ ಚಪ್ಪಲಿ ಹೊಲಿಯುವವರ ಬಳಿ ಸಿಗುವ 3 ಮಿಲಿಮೀಟರ್ ದಪ್ಪದ ಚರ್ಮದ ಬಿಲ್ಲೆ ಇಟ್ಟರೆ ಏಟಿನ ಪೆಟ್ಟು ಕಟ್ಟಿಗೆಗೆ ನೇರ ತಾಗುವುದಿಲ್ಲ.

ಲೇತ್ ಇಲ್ಲದವರಿಗೆ ಎಂಟು ಮೂಲೆಯ ಹಿಡಿಕೆಯೇ ಸರಿ, ಮೇಜಿನಿಂದ ಉರುಳಿ ಬೀಳುವುದೂ ಇಲ್ಲ. ತೂತಿಗೆ ನೇರವಾಗಿ 28 ಮಿಲಿಮೀಟರ್ ಚೌಕಕ್ಕೆ ತಂದು, ಪ್ರತಿ ಅಂಚಿನಿಂದ 8 ಮಿಲಿಮೀಟರ್ ಒಳಗೆ ಗೆರೆ ಹಾಕಿ, ಆ ಗೆರೆಗಳವರೆಗೆ ಮೂಲೆಗಳನ್ನು ರಂದಾ ಹೊಡೆದರೆ ಎಂಟೂ ಮೈ ಸಮ ಬರುತ್ತವೆ. ಸುತ್ತಿಗೆಯಿಂದಲೇ ಬಡಿಯುವ ರೂಢಿಯಿದ್ದರೆ ತಲೆಗೂ ಒಂದು ಕಬ್ಬಿಣದ ಬಳೆ ಹಾಕಿ, ಕಟ್ಟಿಗೆ ಅದರ ಮೇಲೆ 2–3 ಮಿಲಿಮೀಟರ್ ಉಳಿಯುವಂತೆ ಬಿಡಿರಿ. ಕೊಡತಿ ಬಳಸುವವರಿಗೆ ಇದು ಬೇಕಿಲ್ಲ.

ಕೊನೆಯ ಕೂರಿಸುವಿಕೆ ಹೀಗೆ: ಬಾಯಿಗೆ ದಪ್ಪ ಬಟ್ಟೆ ಸುತ್ತಿ ಟೇಪು ಹಾಕಿ, ಅಲಗನ್ನು ಒಂದು ಕೈಯಲ್ಲಿ ಗಾಳಿಯಲ್ಲೇ ತೂಗುಬಿಟ್ಟು, ಹಿಡಿಕೆಯ ತಲೆಗೆ ಕೊಡತಿಯಿಂದ ಬಡಿಯಿರಿ. ಅಲಗಿನ ಭಾರಕ್ಕೇ ಹಿಡಿಕೆ ಇಳಿದು ಭುಜಕ್ಕೆ ಕೂರುತ್ತದೆ. ಎರಡೆರಡು ಏಟಿಗೆ ಕಣ್ಣಳತೆಯಲ್ಲಿ ನೇರ ನೋಡಬೇಕು.

ಬಾಲದ ಬದಲು ಕೊಳವೆ ಇರುವ ಉಳಿಯಾದರೆ ಕೆಲಸ ತಿರುವುಮುರುವು. ಹಿಡಿಕೆಯ ತುದಿಯನ್ನು ಕೊಳವೆಯ ಆಕಾರಕ್ಕೆ ಮೊನಚು ಮಾಡಿರಿ. ಕೊಳವೆಯೊಳಗೆ ದೀಪದ ಮಸಿ ಹಚ್ಚಿ ತುರುಕಿ ತಿರುಗಿಸಿದರೆ ಎಲ್ಲಿ ತಾಗುತ್ತದೋ ಅಲ್ಲಿ ಕಪ್ಪು ಹತ್ತುತ್ತದೆ, ಅಷ್ಟನ್ನೇ ಕೆರೆಯಬೇಕು. ತುದಿ ತಳ ಮುಟ್ಟಬಾರದು, ಕೊಳವೆಯ ಬಾಯಿಗೂ ಹಿಡಿಕೆಯ ಭುಜಕ್ಕೂ 3 ಮಿಲಿಮೀಟರ್ ಸಂದು ಇರಬೇಕು. ಏಟು ಬಿದ್ದಷ್ಟೂ ಬಿಗಿಯಾಗಲು ಆ ಜಾಗ ಬೇಕು.

ಮೇಲಿನ ಲೇಪಕ್ಕೆ ಅಗಸಿ ಎಣ್ಣೆ. ತೆಳ್ಳಗೆ ಹಚ್ಚಿ, ಅರ್ಧ ತಾಸಿನ ಮೇಲೆ ಒರೆಸಿ, ಒಣಗಿದ ಮೇಲೆ ಮತ್ತೆ, ಹೀಗೆ ಮೂರು ಸಲ. ಗಾಣದ ಹಸಿ ಎಣ್ಣೆಯಾದರೆ ಪ್ರತಿ ಪದರಕ್ಕೂ ಹಲವು ದಿನ ಬೇಕು. ಶೇಂಗಾ ಎಣ್ಣೆ ಒಣಗುವುದೇ ಇಲ್ಲ, ಜಿಗಟಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿರಿ, ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತಾನಾಗಿಯೇ ಬೆಂಕಿ ಹತ್ತಬಲ್ಲದು. ಬಿಡಿಸಿ ಹೊರಗೆ ಹರವಿರಿ. ಕಲಘಟಗಿ ತೊಟ್ಟಿಲಿಗೆ ಹಾಕುವ ಅರಗಿನ ಬಣ್ಣ ನೋಡಲು ಬಲು ಚಂದ, ಆದರೆ ಬೆವರಿದ ಕೈಗೆ ಜಾರುತ್ತದೆ, ದಿನದ ಕೆಲಸದ ಹಿಡಿಕೆಗೆ ನಾನು ಹಾಕುವುದಿಲ್ಲ.

ಐದರಲ್ಲಿ ಮುಕ್ಕಾಲು ಇಂಚಿನದು ಇದ್ದರೆ ಅದರಿಂದಲೇ ಶುರುಮಾಡಿರಿ, ತಿಕ್ಕುವಾಗ ಅಗಲ ಬಾಯಿ ವಾಲುವುದಿಲ್ಲ. ಪರೀಕ್ಷೆಗೆ ಸಿಲ್ವರ್ ಓಕಿನಂಥ ಮೆತ್ತನೆ ಕಟ್ಟಿಗೆಯ ಅಡ್ಡಕೊಯ್ಲಿನ ಮೈಯನ್ನು ಕೈಯಿಂದಲೇ ಒತ್ತಿ ಕೆತ್ತಿ ನೋಡಿರಿ. ಎಳೆಗಳು ನುಜ್ಜಾಗಿ ಪುಡಿ ಬಂದರೆ ಇನ್ನೂ ಮಸೆಯಬೇಕು. ಕೆತ್ತಿದ ಮೈಮೇಲೆ ಬಿಳಿ ಗೀರು ಉಳಿದರೆ ಬಾಯಿಯಲ್ಲಿ ಎಲ್ಲೋ ಮುಕ್ಕಿದೆ. ನಾಲ್ಕು ಏಟಿಗೆ ಬಾಯಿ ಮಡಚಿದರೆ ಹದ ಮೆತ್ತಗೆ, ಉದುರಿದರೆ ಕೋನ ಎರಡು ಮೂರು ಡಿಗ್ರಿ ಹೆಚ್ಚಿಸಿ ಮತ್ತೆ ನೋಡಿರಿ.