ಬಾದಾಮಿ, ಐಹೊಳೆಗೆ ಶಾಸನ ಓದಲು ಬರುವವರಿಗೆ ಅಧ್ಯಯನ ಕೇಂದ್ರದಲ್ಲಿ ಮುಖ್ಯವಾಗಿ ಏನಿರಬೇಕು?

ಶಾಸನಗಳ ಪಡಿಯಚ್ಚುಗಳು (ಕಲ್ಲಿನ ಅಕ್ಷರವನ್ನು ಕಾಗದದ ಮೇಲೆ ಮಸಿಯಿಂದ ತೆಗೆದ ಅಚ್ಚು), ಅವನ್ನು ಪೂರ್ತಿ ಹರಡಿ ನೋಡಲು ಒಂದು ದೊಡ್ಡ ಮೇಜು. ಉಳಿಯಲು ಕೋಣೆ, ಪುಸ್ತಕ ಎಲ್ಲ ಬೇಕು ನಿಜ. ಆದರೆ ನನ್ನ ಪ್ರಕಾರ ಮೊದಲು ಇವೆರಡು.

ಕಾರಣ ನೆರಳು. ಕಲ್ಲಿನ ಅಕ್ಷರಕ್ಕೆ ಬೇರೆ ಬಣ್ಣ ಇರುವುದಿಲ್ಲ, ಅದು ಸಣ್ಣ ತಗ್ಗು ಅಷ್ಟೇ. ಬೆಳಕು ಓರೆಯಾಗಿ ಬಿದ್ದರೆ ತಗ್ಗಿನಲ್ಲಿ ನೆರಳು ಕೂತು ಅಕ್ಷರ ಎದ್ದು ಕಾಣುತ್ತದೆ. ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿಯ ಶಾಸನ (ಕ್ರಿ.ಶ. 634) ಪೂರ್ವದ ಗೋಡೆಯಲ್ಲಿದೆ. ಬೆಳಿಗ್ಗೆ ಬಿಸಿಲು ನೇರವಾಗಿ ಬೀಳುತ್ತದೆ, ಅಕ್ಷರ ಮಂಕಾಗುತ್ತದೆ. ಸೂರ್ಯ ಮೇಲೇರಿದಾಗ ಚೆನ್ನಾಗಿ ಕಾಣುತ್ತದೆ, ಆದರೆ ಆ ಹೊತ್ತು ಜಾಸ್ತಿ ಸಿಗುವುದಿಲ್ಲ. 19 ಸಾಲನ್ನು ಅಷ್ಟರಲ್ಲಿ ಓದಿ ಮುಗಿಸುವುದು ಕಷ್ಟ ಅಲ್ವಾ?

ಪಡಿಯಚ್ಚಿಗೆ ಈ ತೊಂದರೆ ಇಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ ಬ್ರಷ್‌ನಿಂದ ತಟ್ಟುತ್ತಾರೆ. ಕಾಗದ ತಗ್ಗಿನೊಳಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಸುತ್ತ ಕಪ್ಪು, ಅಕ್ಷರ ಬಿಳಿ. ರಾತ್ರಿಯೂ ಓದಬಹುದು! ಕಲ್ಲು ಮುಂದೆ ಸವೆದರೂ ಹಳೆಯ ಅಚ್ಚಿನಲ್ಲಿ ಅಕ್ಷರ ಉಳಿದಿರುತ್ತದೆ.

ಒಂದು ಮಾತು: ರಕ್ಷಿತ ಸ್ಮಾರಕದಲ್ಲಿ ಸುಮ್ನೆ ನೀವೇ ಅಚ್ಚು ತೆಗೆಯಲು ಹೋಗಬೇಡಿ. ಪುರಾತತ್ವ ಇಲಾಖೆಯ ಅನುಮತಿ ಬೇಕು.